ಹನ್ನೊಂದು ವಾರವಾದರೂ ಗಾಯದಿಂದ ನೂಲು ಬರುತ್ತಿದೆ: ಕರಗುವ ಹೊಲಿಗೆ ಕರಗಲಿಲ್ಲವೇ?

ತೋಡಿನಕರೆ, ಬದಿಯಡ್ಕ · ಭಾನುವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಗರ್ಭಕೋಶದಲ್ಲಿ ಗಡ್ಡೆ ಬೆಳೆದು ಎರಡು ವರ್ಷ ಒದ್ದಾಡಿ, ಕೊನೆಗೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿಕೊಂಡೆ. ಇವತ್ತಿಗೆ ಹನ್ನೊಂದು ವಾರ. ಹೊಟ್ಟೆ ಕೊಯ್ದೇ ಮಾಡಿದ್ದು, ಹೊಕ್ಕುಳಿನ ಕೆಳಗೆ ನೇರ ಗೆರೆ ಇದೆ. ಮೇಲಿನ ಹೊಲಿಗೆಯನ್ನು ಹನ್ನೆರಡನೆಯ ದಿನ ಬಿಚ್ಚಿದರು. "ಒಳಗಿನದು ತಾನಾಗಿಯೇ ಕರಗುತ್ತದೆ, ಅದರ ಚಿಂತೆ ಬೇಡ" ಎಂದರು. ನಾನೂ ಚಿಂತೆ ಬಿಟ್ಟೆ.

ಏಳನೆಯ ವಾರ ಗಾಯದ ಕೆಳತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಗುಳ್ಳೆಯೊಂದು ಎದ್ದಿತು. ಲಂಗದ ಲಾಡಿ ಉಜ್ಜಿ ಆದದ್ದೆಂದುಕೊಂಡೆ. ಅದು ಒಡೆದು ಎರಡು ಹನಿ ಕೀವು ಬಂದು ಒಣಗಿತು. ಹತ್ತು ದಿನ ಬಿಟ್ಟು ಒಂದಂಗುಲ ಮೇಲೆ ಇನ್ನೊಂದು. ಮೊನ್ನೆ ಸ್ನಾನ ಮಾಡುವಾಗ ಬೆರಳಿಗೆ ಏನೋ ತಗುಲಿತು. ಕೈಗನ್ನಡಿ ಹಿಡಿದು ನೋಡಿದರೆ ನೇರಳೆ ಬಣ್ಣದ ನೂಲಿನ ತುದಿ, ಬೆಕ್ಕಿನ ಮೀಸೆಯಂತೆ ಹೊರಗೆ ನಿಂತಿದೆ. ತಲೆ ತಿರುಗಿದಂತಾಗಿ ಬಚ್ಚಲಿನಲ್ಲೇ ಕುಳಿತುಬಿಟ್ಟೆ.

ಇಲ್ಲಿಯ ಕ್ಲಿನಿಕ್ಕಿನಲ್ಲಿ ಎರಡು ಸಲ ಐದೈದು ದಿನದ ಆಂಟಿಬಯಾಟಿಕ್ ಕೊಟ್ಟಿದ್ದಾರೆ. ನುಂಗುವಷ್ಟು ದಿನ ಒಣಗುತ್ತದೆ, ಮುಗಿದ ಮೇಲೆ ಮತ್ತೆ ತೇವ. ಅಲ್ಲಿಯ ನರ್ಸ್ ಮಲಯಾಳದಲ್ಲಿ "ಪಳುತ್ತು" ಎಂದಳು. ಕೀವಾಗಿದೆ ಎಂದು ಅವಳ ಅರ್ಥ, ಹಣ್ಣಾದುದಕ್ಕೂ ಅದೇ ಮಾತು. ಜೊತೆಗೆ ಬಂದಿದ್ದ ನಮ್ಮ ಅತ್ತೆಗೆ ಅಷ್ಟು ಮಲಯಾಳ ಸಾಕು: "ಹಣ್ಣಾಗಿದೆಯಂತೆ, ಇನ್ನು ಒಡೆದು ಗುಣವಾಗುತ್ತದೆ" ಎಂದು ಸಮಾಧಾನದಿಂದ ಮನೆಗೆ ಬಂದರು. ನನಗೆ ಸಮಾಧಾನವಿಲ್ಲ. ನನ್ನ ದೇಹ ಈ ನೂಲನ್ನು ಒಪ್ಪುತ್ತಿಲ್ಲವೇ? ಒಂದೊಂದೇ ಹೊಲಿಗೆ ಹೀಗೆ ಹೊರಗೆ ಬಂದರೆ ಹೊಟ್ಟೆ ಬಿಚ್ಚಿಕೊಳ್ಳುವುದಿಲ್ಲವೇ? ತುದಿ ಕೈಗೆ ಸಿಗುತ್ತಿದೆ, ಎಳೆದು ತೆಗೆದುಬಿಡಲೇ?

ಮಂಗಳೂರಿಗೆ ಹೋದರೆ ಒಂದು ದಿನ ಹೋಯಿತು. ಮನೆಯವರು ಮಳೆ ಬಿಟ್ಟ ಗಳಿಗೆ ನೋಡಿ ಅಡಿಕೆಗೆ ಮದ್ದು ಬಿಡಿಸುವ ಗಡಿಬಿಡಿಯಲ್ಲಿದ್ದಾರೆ. ಅವರಿಗೆ ತೋಟದ ಮದ್ದು, ನನಗೆ ಹೊಟ್ಟೆಯ ಮದ್ದು.

ಕಡಲಬದಿ, ಕುಂಬಳೆ · ಭಾನುವಾರ ರಾತ್ರಿ 9.41

ಅಕ್ಕ, ಎಳೆಯಬೇಡಿ. ದಯವಿಟ್ಟು ಎಳೆಯಬೇಡಿ. ನಾನು ಎಳೆದು ಅನುಭವಿಸಿದವಳು.

ನನ್ನದು ಸಿಸೇರಿಯನ್, 2020ರ ಫೆಬ್ರವರಿ ಕೊನೆಯಲ್ಲಿ. ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಅದೆಲ್ಲ ನಿಮಗೆಲ್ಲ ನೆನಪಿರುತ್ತದೆ. ಗಾಯದ ಬಲತುದಿಯಲ್ಲಿ ನೂಲು ಕಾಣಿಸಿಕೊಂಡದ್ದು ಸರಿಯಾಗಿ ಆಗಲೇ. ಹೆರಿಗೆ ಮಾಡಿಸಿದ ಡಾಕ್ಟರು ಗಡಿಯ ಆಚೆ, ನಾನು ಈಚೆ. ಫೋನಿನಲ್ಲಿ ಫೋಟೋ ಕಳುಹಿಸಿದೆ. ಮುಟ್ಟಬೇಡ, ಸೋಪು ನೀರಿನಲ್ಲಿ ತೊಳೆದು ಒಣಗಿಸು ಎಂದರು. ಕೇಳಿದೆನೇ? ಹುಬ್ಬು ಕೀಳುವ ಚಿಮುಟದಲ್ಲಿ ಎಳೆದೆ. ಅರ್ಧ ತುಂಡಾಗಿ ಬಂತು, ಗಂಟು ಒಳಗೇ ಉಳಿಯಿತು, ತೂತು ಮೇಲಿನಿಂದ ಮುಚ್ಚಿಕೊಂಡಿತು. ನಾಲ್ಕನೆಯ ದಿನ ನಿಂಬೆಹಣ್ಣಿನಷ್ಟು ಊತ ಮತ್ತು ಜ್ವರ. ಕಾಸರಗೋಡಿನಲ್ಲಿ ಕೊಯ್ದು ಕೀವು ತೆಗೆಸಬೇಕಾಯಿತು.

ಬೆಟ್ಟುಗದ್ದೆ, ಮುಳ್ಳೇರಿಯ · ಭಾನುವಾರ ರಾತ್ರಿ 10.05

ತಂಗಿ, ಹಲಸಿನ ಹಣ್ಣು ತಿಂದಿದ್ದೀರಾ? ಆಪರೇಷನ್ ಆದದ್ದು ಹಲಸಿನ ಕಾಲದಲ್ಲಿ ಎಂದು ಲೆಕ್ಕದಲ್ಲಿ ತಿಳಿಯುತ್ತದೆ. ಹಲಸು, ಬದನೆ, ಮೊಟ್ಟೆ ಇವೆಲ್ಲ ನಂಜು. ನಮ್ಮ ಹಿರಿಯರು ಗಾಯ ಮಾಗುವವರೆಗೆ ಇದನ್ನೆಲ್ಲ ಮುಟ್ಟಗೊಡುತ್ತಿರಲಿಲ್ಲ. ಮೂರು ತಿಂಗಳು ಪಥ್ಯ ಮಾಡಿ, ಅರಸಿನ ತೇಯ್ದು ಹಚ್ಚಿ. ಒಣಗದಿದ್ದರೆ ನನ್ನನ್ನು ಕೇಳಿ.

ತೋಡಿನಕರೆ, ಬದಿಯಡ್ಕ · ಭಾನುವಾರ ರಾತ್ರಿ 10.12

ತಿಂದಿದ್ದೇನೆ ಅಣ್ಣ. ಏಳೆಂಟು ಸೊಳೆ. ಅತ್ತೆಯೂ ಇದನ್ನೇ ಹಿಡಿದುಕೊಂಡಿದ್ದಾರೆ. ಮನೆಯಲ್ಲಿ ಈಗ ನನ್ನ ಮೇಲೆ ಹಲಸಿನ ಹಣ್ಣಿನ ಕೇಸು ನಡೆಯುತ್ತಿದೆ.

ನಿವೃತ್ತ ಸಿಸ್ಟರ್, ಮಂಜೇಶ್ವರ · ಸೋಮವಾರ ಬೆಳಿಗ್ಗೆ 6.30

ಕೇಸನ್ನು ವಜಾ ಮಾಡೋಣ. ನಾನು ಆಪರೇಷನ್ ಥಿಯೇಟರಿನಲ್ಲಿ 28 ವರ್ಷ ನಿಂತವಳು, ಅದರಲ್ಲಿ ಹನ್ನೊಂದು ವರ್ಷ ಕುವೈತಿನಲ್ಲಿ. ಸರ್ಜನ್ನರ ಕೈಗೆ ಸೂಜಿ ನೂಲು ಕೊಡುವುದೇ ಕೆಲಸ. ನಾನು ಡಾಕ್ಟರಲ್ಲ, ನಿಮ್ಮ ಗಾಯವನ್ನು ನೋಡಿಯೂ ಇಲ್ಲ. ನೂಲಿನ ವಿಷಯ ಮಾತ್ರ ಹೇಳುತ್ತೇನೆ.

"ಕರಗುತ್ತದೆ" ಎಂದಾಗ ನಾವು ಸಕ್ಕರೆ ನೀರಿನಲ್ಲಿ ಕರಗುವುದನ್ನು ನೆನೆಯುತ್ತೇವೆ. ಅದು ಹಾಗಲ್ಲ. ತೋಟದಲ್ಲಿ ಬಿದ್ದ ಸೋಗೆ ಮಳೆಗೆ ನೆನೆದು ಕುಂಬಾಗುತ್ತದಲ್ಲ, ಹಾಗೆ. ಮೊದಲು ಬಲ ಹೋಗುತ್ತದೆ, ಎಷ್ಟೋ ದಿನಗಳ ಮೇಲೆ ರೂಪ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಪಾಲಿಗ್ಲಾಕ್ಟಿನ್ ನೂಲನ್ನೇ ತೆಗೆದುಕೊಳ್ಳಿ. ಎರಡು ವಾರಕ್ಕೆ ಅದರಲ್ಲಿ ಮುಕ್ಕಾಲು ಪಾಲು ಬಲ ಉಳಿದಿರುತ್ತದೆ, ಮೂರು ವಾರಕ್ಕೆ ಅರ್ಧ. ಪೂರ್ತಿ ಮಾಯವಾಗಲು 56ರಿಂದ 70 ದಿನ. ಪಾಲಿಡಯಾಕ್ಸನೋನ್ ಎಂಬ ಇನ್ನೊಂದಿದೆ, ಅದಕ್ಕೆ ಆರು ತಿಂಗಳ ಮೇಲೆಯೇ ಬೇಕು. ದೇಹದ ನೀರೇ ಈ ನೂಲುಗಳನ್ನು ತುಂಡು ತುಂಡಾಗಿ ಮುರಿಯುತ್ತದೆ. ಆದರೆ ಈ ಲೆಕ್ಕ ನೂಲಿನ ಎಳೆಗೆ ಸರಿ, ಗಂಟಿಗೆ ಅಷ್ಟು ಸರಿಬರುವುದಿಲ್ಲ. ಗಂಟು ಎಂದರೆ ನಾಲ್ಕೈದು ಸುತ್ತು ಒಂದರ ಮೇಲೊಂದು ಬಿಗಿದ ಮುದ್ದೆ. ಹೊರಗೆ ಬರುವುದು ಹೆಚ್ಚಾಗಿ ಅದೇ.

ಏಕೆ ಬರುತ್ತದೆ? ಕಾಲಿಗೆ ಸಿಬಿರು ಹೊಕ್ಕರೆ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಹೊರಗಿನ ವಸ್ತುವನ್ನು ಕಂಡ ಕೂಡಲೇ ಬಿಳಿ ರಕ್ತಕಣಗಳು ಮುತ್ತುತ್ತವೆ. ನುಂಗಲಾಗದಷ್ಟು ದೊಡ್ಡದಾದರೆ ಹಲವು ಕಣಗಳು ಕೂಡಿ ಒಂದೇ ದೊಡ್ಡ ಕಣವಾಗಿ ಅದನ್ನು ಬಳಸಿಕೊಳ್ಳುತ್ತವೆ, ಸುತ್ತ ಗಟ್ಟಿ ಗೋಡೆಯೊಂದು ಏಳುತ್ತದೆ. ಕೈಗೆ ಸಿಗುವ ಕಡಲೆಕಾಳಿನಂಥ ಗಂಟು ಅದೇ. ನೂಲು ಆಳದಲ್ಲಿದ್ದರೆ ಅಲ್ಲಿಯೇ ಸದ್ದಿಲ್ಲದೆ ಮುಗಿಯುತ್ತದೆ. ಚರ್ಮಕ್ಕೆ ಹತ್ತಿರವಿದ್ದರೆ ಹೊರಗೆ ತಳ್ಳುವುದು ಸುಲಭ, ಆದ್ದರಿಂದ ತಳ್ಳುತ್ತದೆ. ಹೊಲಿಗೆ ಹಾಕಿದ ಪ್ರತಿಯೊಂದು ದೇಹದಲ್ಲಿಯೂ ಈ ಕೆಲಸ ನಡೆಯುತ್ತದೆ ತಂಗಿ. ನಿಮ್ಮಲ್ಲಿ ಕಣ್ಣಿಗೆ ಬಿತ್ತು, ಅಷ್ಟೆ. "ನನ್ನ ದೇಹ ಒಪ್ಪುತ್ತಿಲ್ಲ" ಎಂದು ದೇಹದ ಮೇಲೆ ಮುನಿಸು ಬೇಡ.

ಆಂಟಿಬಯಾಟಿಕ್ ನುಂಗುವಾಗ ಒಣಗಿ, ಬಿಟ್ಟಾಗ ತೇವವಾಗುವುದೂ ಇದೇ ಕಾರಣಕ್ಕೆ. ಮುಳ್ಳು ಒಳಗಿರುವಾಗ ಮಾತ್ರೆ ಎಷ್ಟು ದಿನ ಕಾದೀತು? ಬೇರೇನೂ ತೊಂದರೆ ಇಲ್ಲದಿದ್ದರೆ, ನೂಲು ಹೊರಗೆ ಬಂದ ಮೇಲೆ ಹೆಚ್ಚಿನ ಗಾಯಗಳು ತಾವಾಗಿ ಮುಚ್ಚುತ್ತವೆ. ಆದರೆ ಅದನ್ನು ತೆಗೆಯಬೇಕಾದವರು ಶುದ್ಧವಾದ ಚಿಮುಟ ಕತ್ತರಿ ಇಟ್ಟುಕೊಂಡವರು, ನೀವಲ್ಲ. ಕುಂಬಳೆಯವರು ಹೇಳಿದ್ದು ನೂರಕ್ಕೆ ನೂರು ಸರಿ.

ಜ್ವರ ಬಂದರೆ, ಕೆಂಪು ಹರಡುತ್ತಾ ಹೋದರೆ, ವಾಸನೆಯ ಕೀವು ಬಂದರೆ ಅಥವಾ ಗಾಯದ ಅಂಚು ಬಿಟ್ಟುಕೊಂಡರೆ ಅಡಿಕೆಗೆ ಮದ್ದು ಆಮೇಲೆ, ಅದೇ ದಿನ ಹೋಗಬೇಕು. ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆಯಲಿಲ್ಲ.

ಇನ್ನೊಂದು ಮಾತು. ಯಾವ ಪದರಕ್ಕೆ ಯಾವ ನೂಲು ಹಾಕಿದ್ದಾರೆ ಎಂದು ಆಸ್ಪತ್ರೆಗೆ ಫೋನು ಮಾಡಿ ಕೇಳಿ. ಆಪರೇಷನ್ ಟಿಪ್ಪಣಿಯಲ್ಲಿ ಬರೆದಿರುತ್ತಾರೆ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಬೆಟ್ಟುಗದ್ದೆ, ಮುಳ್ಳೇರಿಯ · ಸೋಮವಾರ ಬೆಳಿಗ್ಗೆ 7.15

ಸಿಸ್ಟರ್, ಹಾಗಾದರೆ ನಂಜು ಎಂಬುದೇ ಇಲ್ಲವೇ? ನಮ್ಮ ಅಜ್ಜಂದಿರು ಸುಮ್ಮನೆ ಹೇಳಿದರೇ?

ನಿವೃತ್ತ ಸಿಸ್ಟರ್, ಮಂಜೇಶ್ವರ · ಸೋಮವಾರ ಬೆಳಿಗ್ಗೆ 7.40

ಅಜ್ಜಂದಿರ ಕಾಲದಲ್ಲಿ ಹೊಟ್ಟೆ ಕೊಯ್ದು ನೂಲು ಹಾಕುತ್ತಿರಲಿಲ್ಲ ಅಣ್ಣ. ಹಲಸಿನ ಹಣ್ಣು ಹೊಟ್ಟೆಗೆ ಹೋಗುತ್ತದೆ, ಹೊಲಿಗೆಯ ಗಂಟಿಗೆ ಹೋಗುವುದಿಲ್ಲ. ಗಾಯ ಮಾಗಬೇಕಾದರೆ ಪ್ರೋಟೀನ್ ಬೇಕು, ನೀವು ಬೇಡವೆಂದ ಮೊಟ್ಟೆಯಲ್ಲಿ ಇರುವುದು ಅದೇ. ಪಥ್ಯ ಪಥ್ಯ ಎಂದು ಗಂಜಿ, ಉಪ್ಪಿನಕಾಯಿಯಲ್ಲೇ ತಿಂಗಳುಗಟ್ಟಲೆ ಕಳೆದ ಬಾಣಂತಿಯರ ಗಾಯ ತಡವಾಗಿ ಕೂಡಿದ್ದನ್ನು ನಾನು ನೋಡಿದ್ದೇನೆ. ಸಕ್ಕರೆ ಕಾಯಿಲೆಯವರು ಹಲಸು ಕಡಿಮೆ ಮಾಡಲಿ, ಆದರೆ ಅದು ಸಕ್ಕರೆಯ ಕಾರಣಕ್ಕೆ. ಅರಸಿನ ಅಡುಗೆಮನೆಯಲ್ಲಿರಲಿ, ತೆರೆದ ತೂತಿಗೆ ಬೇಡ.

ಮುರಕಲ್ಲು, ಸೀತಾಂಗೋಳಿ · ಸೋಮವಾರ ಮಧ್ಯಾಹ್ನ 1.10

ನಾನು ಗಾರೆ ಕೆಲಸದವನು. ನನ್ನ ಪ್ರಶ್ನೆ ಬೇರೆ. ಸಿಮೆಂಟು ಕಲಸಿದರೆ ನನ್ನ ಬೆರಳ ಸಂದಿಗಳು ಒಡೆದು ತುರಿಸುತ್ತವೆ. ಚರ್ಮದ ಡಾಕ್ಟರು ಕ್ರೋಮಿಯಂ ಅಲರ್ಜಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ಕಾಲಿಗೆ ತಗಡು ಕೊಯ್ದು ಒಳಗೂ ಹೊರಗೂ ಹೊಲಿಗೆ ಬಿತ್ತು. ಒಳಗಿನದು ಕಂದುಬಣ್ಣದ ಕರಗುವ ನೂಲು. ಎರಡು ತಿಂಗಳು ಕೆಂಪಗೆ ಊದಿಕೊಂಡು ತುರಿಸಿತು. ಸಿಮೆಂಟಿಗೂ ಅದಕ್ಕೂ ಸಂಬಂಧ ಇದೆಯೇ? ಕೇಳಿದರೆ ನಗುತ್ತಾರೆ.

ನಿವೃತ್ತ ಸಿಸ್ಟರ್, ಮಂಜೇಶ್ವರ · ಸೋಮವಾರ ಮಧ್ಯಾಹ್ನ 2.25

ನಾನು ನಗುವುದಿಲ್ಲ. ನೀವು ಹೇಳುವ ಬಣ್ಣ ನೋಡಿದರೆ ಅದು ಕ್ರೋಮಿಕ್ ಕ್ಯಾಟ್‌ಗಟ್ ಇರಬಹುದು. ಹೆಸರಿನಲ್ಲೇ ಇದೆ: ಬೇಗ ಕರಗಬಾರದೆಂದು ಕ್ರೋಮಿಯಂ ಲವಣದಲ್ಲಿ ಹದಮಾಡಿದ ನೂಲು. ಸಿಮೆಂಟಿನ ಅಲರ್ಜಿಗೂ ಹೆಚ್ಚಾಗಿ ಅದರಲ್ಲಿರುವ ಕ್ರೋಮಿಯಂ ಕಾರಣ. ನಿಮಗೆ ಆದದ್ದು ಅದೇ ಎಂದು ನಾನು ಹೇಳಲಾರೆ, ಸಾಮಾನ್ಯ ಉರಿಯೂತವೂ ಇರಬಹುದು. ಆದರೆ ಮುಂದೆ ಯಾವ ಹೊಲಿಗೆ ಹಾಕುವ ಮೊದಲೂ ಆ ಚೀಟಿ ತೋರಿಸಿ. ನೂಲಿಗೆ ನಿಜವಾದ ಅಲರ್ಜಿ ಅಪರೂಪ, ಇರುವ ಅಪರೂಪದಲ್ಲಿ ನಿಮ್ಮದು ಒಂದಿರಬಹುದು.

ಕ್ಯಾಟ್‌ಗಟ್ ಎಂದರೆ ಬೆಕ್ಕಿನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೇಳುತ್ತಾರೆ. ಕುರಿಯ ಅಥವಾ ದನದ ಕರುಳಿನಿಂದ ಮಾಡಿದ್ದು. ಅದು ಪ್ರಾಣಿಯ ಪ್ರೋಟೀನ್ ಆದ್ದರಿಂದ ದೇಹ ಅದನ್ನು ಮಾಂಸವನ್ನು ಜೀರ್ಣಿಸುವ ಹಾಗೆ ಜೀರ್ಣಿಸಬೇಕು, ಉರಿಯೂತವೂ ಕೃತಕ ನೂಲಿಗಿಂತ ಹೆಚ್ಚು. ಹುಚ್ಚುದನ ರೋಗದ ಭಯದಿಂದ ಯುರೋಪಿನಲ್ಲಿ ಅದನ್ನು ಕೈಬಿಟ್ಟು ಎರಡು ದಶಕ ದಾಟಿತು. ನಮ್ಮಲ್ಲಿ ಇನ್ನೂ ಇದೆ.

ತೋಡಿನಕರೆ, ಬದಿಯಡ್ಕ · ಸೋಮವಾರ ಮಧ್ಯಾಹ್ನ 2.50

ಸಿಸ್ಟರ್, ಇದನ್ನು ನಮ್ಮ ಅತ್ತೆಗೆ ಓದಿ ಹೇಳಬಾರದಿತ್ತು. ಅವರಿಗೆ 1980ರ ದಶಕದಲ್ಲಿ ಮೂರು ಹೆರಿಗೆ, ಮೂರಕ್ಕೂ ಹೊಲಿಗೆ. ಏಕಾದಶಿಗೆ ನೀರೂ ಮುಟ್ಟದವರು. ಕುರಿಯ ಕರುಳೋ ದನದ ಕರುಳೋ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?

ನಿವೃತ್ತ ಸಿಸ್ಟರ್, ಮಂಜೇಶ್ವರ · ಸೋಮವಾರ ಮಧ್ಯಾಹ್ನ 2.58

ಕರಗಿ ನಲವತ್ತು ವರ್ಷವಾಯಿತು ಎಂದು ಹೇಳಿ.

ಎರಡನೆಯ ವರ್ಷ, ಪೆರ್ಲ · ಸೋಮವಾರ ಸಂಜೆ 5.30

ನಾನು ಆಯುರ್ವೇದ ಓದುತ್ತಿದ್ದೇನೆ. ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೂ ಹೇಳುವ ಆಸೆ. ಸುಶ್ರುತ ಸಂಹಿತೆಯಲ್ಲಿ ಹೊಲಿಗೆಗೆ ನಾರು, ಸ್ನಾಯು, ಕೂದಲು ಹೀಗೆ ಹಲವು ಬಗೆಯ ನೂಲುಗಳ ಮಾತು ಬರುತ್ತದೆ. ಕರುಳು ಕೊಯ್ದುಹೋದಾಗ ಮಾತ್ರ ಬೇರೆ ಉಪಾಯ. ಎರಡು ಅಂಚು ಕೂಡಿಸಿ ದೊಡ್ಡ ಕರಿಯಿರುವೆಗಳಿಂದ ಕಚ್ಚಿಸುವುದು, ಕಚ್ಚಿ ಹಿಡಿದ ಮೇಲೆ ಮೈ ಕತ್ತರಿಸಿ ತಲೆಯನ್ನು ಅಲ್ಲಿಯೇ ಬಿಡುವುದು, ಕರುಳನ್ನು ಒಳಗೆ ಸೇರಿಸುವುದು. ಬಿಚ್ಚಲು ಮತ್ತೆ ಹೊಟ್ಟೆ ಕೊಯ್ಯಬೇಕಾಗಿಲ್ಲದ ಹೊಲಿಗೆ ಬೇಕು ಎಂಬ ಯೋಚನೆ ಅಷ್ಟು ಹಳೆಯದು.

ಬೆಟ್ಟುಗದ್ದೆ ಅಣ್ಣ, ಹಿರಿಯರು ಸುಮ್ಮನೆ ಕುಳಿತಿರಲಿಲ್ಲ ಎನ್ನುವುದು ಸರಿ. ಆದರೆ ಕೀವಾದ ಗಾಯದೊಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ಮೊದಲು ಅದನ್ನು ತೆಗೆಯಬೇಕೆಂದೇ ನಮ್ಮ ಶಾಸ್ತ್ರವೂ ಹೇಳುವುದು. ಅದಕ್ಕೆ ಶಲ್ಯ ಎಂದೇ ಹೆಸರು. ಶಲ್ಯ ಒಳಗಿಟ್ಟುಕೊಂಡು ಲೇಪ ಹಚ್ಚಿ ಎಂದು ಯಾರೂ ಬರೆದಿಲ್ಲ.

ಸಪೂರದಾರಿ, ಉಪ್ಪಳ · ಸೋಮವಾರ ರಾತ್ರಿ 8.45

ಎಲ್ಲರೂ ನೂಲು ನೂಲು ಎನ್ನುತ್ತಿದ್ದೀರಿ. ನಾನೂ ಐದು ತಿಂಗಳು ಅದನ್ನೇ ಹೇಳಿಸಿಕೊಂಡೆ. ಆದ್ದರಿಂದ ಇದನ್ನು ಬರೆಯಲೇಬೇಕು.

ನನಗೆ ಪಿತ್ತಕೋಶದ ಕಲ್ಲು, ಲ್ಯಾಪರೊಸ್ಕೋಪಿಯಲ್ಲಿ ತೆಗೆದರು. ನಾಲ್ಕು ಸಣ್ಣ ತೂತು, ಮೂರನೆಯ ದಿನ ಮನೆ. ಐದು ವಾರ ಕಳೆದ ಮೇಲೆ ಹೊಕ್ಕುಳಿನ ತೂತಿನಲ್ಲಿ ಗಟ್ಟಿ ಗಂಟು, ನೀರಿನಂಥ ಸೋರಿಕೆ. ನೋವಿಲ್ಲ, ಜ್ವರವಿಲ್ಲ. "ಒಳಗಿನ ಹೊಲಿಗೆ ಕರಗದೆ ಹೀಗಾಗಿದೆ" ಎಂದರು. ಕೊಯ್ದು ನೋಡಿದರು, ನೂಲು ಸಿಗಲಿಲ್ಲ. ಮುಚ್ಚಿತು, ಮತ್ತೆ ಒಡೆಯಿತು. ಪಕ್ಕದ ಇನ್ನೊಂದು ತೂತಿನಲ್ಲೂ ಶುರುವಾಯಿತು. ನಾಲ್ಕು ಬಗೆಯ ಆಂಟಿಬಯಾಟಿಕ್ ಆಯಿತು. ಕೀವಿನಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಎರಡು ಸಲವೂ ಏನೂ ಬೆಳೆದಿಲ್ಲ ಎಂದು ಬಂತು. ಕೊನೆಗೆ ಒಬ್ಬ ಹಿರಿಯ ಡಾಕ್ಟರು ಕೀವನ್ನಲ್ಲ, ಗಂಟಿನ ತುಂಡನ್ನೇ ತೆಗೆದು ಪರೀಕ್ಷೆಗೆ ಕಳುಹಿಸಿದರು. ಅದರಲ್ಲಿ ರೋಗಾಣುಗಳು ಸಿಕ್ಕಿದವು, ಕ್ಷಯದ ರೋಗಾಣುವಿನ ದಾಯಾದಿಗಳೆನ್ನಬಹುದಾದ ಜಾತಿಯವು. ಮಣ್ಣು ನೀರಿನಲ್ಲಿ ಸಾಮಾನ್ಯವಾಗಿ ಇರುವಂಥವು. ಉಪಕರಣ ಸರಿಯಾಗಿ ಶುದ್ಧವಾಗದಿದ್ದರೆ, ಅಥವಾ ಶುದ್ಧ ಮಾಡಿದ ಮೇಲೆ ನಲ್ಲಿ ನೀರಿನಲ್ಲಿ ತೊಳೆದರೆ ಒಳಗೆ ಸೇರುತ್ತವಂತೆ. ಸಾಮಾನ್ಯ ಕಲ್ಚರ್‌ನಲ್ಲಿ ಅವು ತಪ್ಪಿಹೋಗಬಹುದು, ಬೇಕೆಂದೇ ಹುಡುಕಿಸಬೇಕು. ಅದಕ್ಕೆ ಬೇರೆಯೇ ಮಾತ್ರೆಗಳು, ತಿಂಗಳುಗಟ್ಟಲೆ. ಈಗ ಗುಣವಾಗಿದೆ.

ತೋಡಿನಕರೆಯವರ ನೂಲು ಕಣ್ಣಿಗೆ ಕಾಣಿಸುತ್ತಿದೆ, ಅದು ಒಳ್ಳೆಯದು. ಆದರೆ ನೂಲು ತೆಗೆದ ಮೇಲೂ ಸೋರಿದರೆ "ಇನ್ನೊಂದು ನೂಲಿರಬೇಕು" ಎಂಬ ಮಾತಿಗೆ ತಲೆಯಾಡಿಸಿ ಬರಬೇಡಿ. ತುಂಡು ತೆಗೆದು ಪರೀಕ್ಷೆಗೆ ಕಳುಹಿಸಿ ಎಂದು ಕೇಳಿ.

ನಿವೃತ್ತ ಸಿಸ್ಟರ್, ಮಂಜೇಶ್ವರ · ಸೋಮವಾರ ರಾತ್ರಿ 9.10

ಉಪ್ಪಳದವರಿಗೆ ಧನ್ಯವಾದ. ಬೆಳಿಗ್ಗೆ ನಾನೇ ಬರೆಯಬೇಕಾಗಿದ್ದ ಮಾತು, ಬಿಟ್ಟಿದ್ದೆ.

ತೋಡಿನಕರೆ, ಬದಿಯಡ್ಕ · ಮಂಗಳವಾರ ಬೆಳಿಗ್ಗೆ 11.30

ಸಕ್ಕರೆ ಕಾಯಿಲೆ ಇಲ್ಲ. ಆಸ್ಪತ್ರೆಗೆ ಮೂರು ಸಲ ಫೋನು ಮಾಡಿದ ಮೇಲೆ ಆಪರೇಷನ್ ಟಿಪ್ಪಣಿಯ ಪುಟದ ಫೋಟೋ ಕಳುಹಿಸಿದರು. ಡಾಕ್ಟರ ಅಕ್ಷರ ಓದಲು ಮಗಳ ಸಹಾಯ ಬೇಕಾಯಿತು. ಹೊಟ್ಟೆಯ ಗಟ್ಟಿ ಪದರಕ್ಕೆ ಪಾಲಿಡಯಾಕ್ಸನೋನ್ 1, ಕೊಬ್ಬಿನ ಪದರಕ್ಕೆ ಪಾಲಿಗ್ಲಾಕ್ಟಿನ್ 2-0, ಚರ್ಮಕ್ಕೆ ನೈಲಾನ್ 3-0. ಸಂಖ್ಯೆ ಏನೆಂದು ತಿಳಿಯಲಿಲ್ಲ. ನನ್ನದು ಯಾವುದು ಬರುತ್ತಿದೆ? ಎರಡೂ ನೇರಳೆ ಬಣ್ಣವೇ ಎಂದು ಮಗಳು ಹುಡುಕಿ ಹೇಳಿದಳು.

ನಿವೃತ್ತ ಸಿಸ್ಟರ್, ಮಂಜೇಶ್ವರ · ಮಂಗಳವಾರ ಮಧ್ಯಾಹ್ನ 12.05

ಸೊನ್ನೆಯ ಮುಂದಿನ ಅಂಕಿ ಹೆಚ್ಚಿದಷ್ಟು ನೂಲು ಸಪೂರ. 3-0 ಎಂದರೆ 2-0ಗಿಂತ ಸಪೂರ, ಬರೀ 1 ಎಂದಿರುವುದು ಎಲ್ಲಕ್ಕಿಂತ ದಪ್ಪ. ಆ ಗಟ್ಟಿ ಪದರವೇ ಹೊಟ್ಟೆಯನ್ನು ಹಿಡಿದಿಡುವುದು. ಅಡಿಕೆ ಹಾಳೆಯಂತೆ ಒರಟು, ಬಲವಾದದ್ದು. ಅದು ಕೂಡಿ ಬಲ ಬರಲು ತಿಂಗಳುಗಳು ಬೇಕು, ಆದ್ದರಿಂದಲೇ ನಿಧಾನ ಕರಗುವ ದಪ್ಪ ನೂಲು. ಅದರ ಮೇಲಿನ ಕೊಬ್ಬಿನ ಪದರದ ಹೊಲಿಗೆ ಬರೀ ಅಂಚುಗಳು ಹತ್ತಿರ ಕೂರಲಿ ಎಂದು.

ಈಗ ಬೆಳಕಿನಲ್ಲಿ ನೂಲಿನ ತುದಿ ನೋಡಿ. ಮುಟ್ಟಬೇಡಿ, ನೋಡಿ. ಗಾಳದ ದಾರದಂತೆ ನುಣ್ಣಗೆ ಒಂದೇ ಎಳೆಯೇ, ಅಥವಾ ಹೆಣೆದ ನೂಲಿನ ತುದಿ ದೀಪದ ಬತ್ತಿಯಂತೆ ಬಿಚ್ಚಿಕೊಂಡಿದೆಯೇ?

ತೋಡಿನಕರೆ, ಬದಿಯಡ್ಕ · ಮಂಗಳವಾರ ಮಧ್ಯಾಹ್ನ 12.20

ಬತ್ತಿ! ತುದಿಯಲ್ಲಿ ಮೂರು ನಾಲ್ಕು ಎಳೆ ಬಿಚ್ಚಿಕೊಂಡಿದೆ. ಮಗಳು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು.

ನಿವೃತ್ತ ಸಿಸ್ಟರ್, ಮಂಜೇಶ್ವರ · ಮಂಗಳವಾರ ಮಧ್ಯಾಹ್ನ 12.31

ಹಾಗಾದರೆ ಹೆಣೆದದ್ದು, ಪಾಲಿಗ್ಲಾಕ್ಟಿನ್. ಕೊಬ್ಬಿನ ಪದರದ್ದು. ಹನ್ನೊಂದು ವಾರಕ್ಕೆ ಅದು ಏನನ್ನೂ ಹಿಡಿದುಕೊಂಡಿಲ್ಲ, ಹೊರಗೆ ಬಂದರೂ ಹೊಟ್ಟೆ ಬಿಚ್ಚಿಕೊಳ್ಳುವುದಿಲ್ಲ. ಹೊಟ್ಟೆ ಬಿಚ್ಚುವ ಅಪಾಯ ಹೆಚ್ಚಾಗಿ ಮೊದಲ ಎರಡು ವಾರದ್ದು, ಆಗ ಗಾಯದಿಂದ ಇದ್ದಕ್ಕಿದ್ದಂತೆ ಕೆಂಪುಮಿಶ್ರಿತ ನೀರು ಸುರಿಯುತ್ತದೆ. ನಿಮ್ಮದು ಆ ಕಥೆಯಲ್ಲ. ಆದರೂ ಸರ್ಜನ್ ಒಬ್ಬರು ನೋಡಲಿ. ಮಂಗಳೂರೇ ಆಗಬೇಕೆಂದಿಲ್ಲ, ಈ ಪುಟದ ಫೋಟೋ ಕೈಯಲ್ಲಿದ್ದರೆ ಕಾಸರಗೋಡಿನ ಯಾವ ಸರ್ಜನ್ನರಿಗೂ ಸಾಕು.

ಹಾಳೆಟೊಪ್ಪಿ, ಅಡೂರು · ಮಂಗಳವಾರ ಸಂಜೆ 6.40

ಸಿಸ್ಟರ್ ಎಲ್ಲವನ್ನೂ ದೇಹದ ಮೇಲೆ ಹಾಕಿ ಡಾಕ್ಟರುಗಳನ್ನು ಬಿಟ್ಟುಬಿಟ್ಟಿರಿ. ಚರ್ಮಕ್ಕೆ ಹತ್ತಿರ ಗಂಟು ಬಿಟ್ಟವರು ಯಾರು? ದೇಹವೇ? ನನಗೆ ಹರ್ನಿಯಾ ಆಪರೇಷನ್ ಆಗಿ ಒಂದೂವರೆ ವರ್ಷ. ಆರು ತಿಂಗಳಿನಿಂದ ಒಂದು ತೂತು ಮುಚ್ಚುತ್ತಿಲ್ಲ. ನನಗೂ "ಕರಗುವ ನೂಲು, ಕರಗುತ್ತದೆ, ಕಾಯಿರಿ" ಎಂದೇ ಹೇಳಿದರು. ಕಾದೆ. ಅಡಿಕೆ ಎರಡು ಕೊಯ್ಲು ಮುಗಿಯಿತು. ನಿನ್ನೆ ಈ ಚರ್ಚೆ ಓದಿ ಕಾಗದ ತೆಗೆದು ನೋಡಿದರೆ ಬರೆದಿರುವುದು ಪಾಲಿಪ್ರೊಪಿಲೀನ್!

ನಿವೃತ್ತ ಸಿಸ್ಟರ್, ಮಂಜೇಶ್ವರ · ಮಂಗಳವಾರ ರಾತ್ರಿ 8.00

ಪಾಲಿಪ್ರೊಪಿಲೀನ್ ಕರಗುವುದೇ ಇಲ್ಲ ಅಣ್ಣ, ಅದು ಜೀವನಪರ್ಯಂತ ಇರಲೆಂದೇ ಹಾಕುವುದು. ಹರ್ನಿಯಾ ಆಪರೇಷನ್ನಿನಲ್ಲಿ ಒಳಗೆ ಆಧಾರಕ್ಕೆ ಇಡುವ ಬಲೆಯೂ ಹೆಚ್ಚಾಗಿ ಅದರದ್ದೇ. ಅದಕ್ಕೆ ಸೋಂಕು ಹಿಡಿದು ತೂತಾದರೆ ಕಾದು ಪ್ರಯೋಜನವಿಲ್ಲ. ಸ್ಕ್ಯಾನಿಂಗ್ ಮಾಡಿಸಿ, ತೂತು ಎಲ್ಲಿಯವರೆಗೆ ಹೋಗಿದೆ, ನೂಲಿಗೋ ಬಲೆಗೋ ಎಂದು ನೋಡಬೇಕು. ನಿಮಗೆ ಕಾಯಲು ಹೇಳಿದ್ದು ತಪ್ಪು, ಅದನ್ನು ನಾನು ಮುಚ್ಚಿಡುವುದಿಲ್ಲ.

ಗಂಟಿನ ಮಾತಿಗೂ ಉತ್ತರಿಸುತ್ತೇನೆ. ಕೆಲವೊಮ್ಮೆ ಕೈಯ ತಪ್ಪೇ. ಗಂಟು ಕೆಳಮುಖವಾಗಿ ಹೂತುಹೋಗುವಂತೆ ಹೊಲಿಯಬೇಕು, ತುದಿ ಗಿಡ್ಡ ಕತ್ತರಿಸಬೇಕು, ಬೇಕಾದಕ್ಕಿಂತ ದಪ್ಪ ನೂಲು ಹಾಕಬಾರದು. ಸಂಜೆಯ ಐದನೆಯ ಆಪರೇಷನ್ನಿನಲ್ಲಿ, ಮೇಲಿನ ಪದರ ಮುಚ್ಚುವುದನ್ನು ಕಿರಿಯರ ಕೈಗೆ ಬಿಟ್ಟಾಗ ಇದೆಲ್ಲ ಸಡಿಲವಾಗುವುದನ್ನು ನೋಡಿದ್ದೇನೆ. ಆದರೆ ಒಬ್ಬರೇ ಸರ್ಜನ್, ಒಂದೇ ನೂಲು, ಒಂದೇ ದಿನ ಇಬ್ಬರಿಗೆ ಹೊಲಿದು ಒಬ್ಬರಿಗೆ ಮಾತ್ರ ಹೀಗಾದದ್ದನ್ನೂ ಕಂಡಿದ್ದೇನೆ. ಸಪೂರ ಮೈಯವರಲ್ಲಿ ಗಂಟು ಹೂಳಲು ಜಾಗವೇ ಇರುವುದಿಲ್ಲ. ಹೆಣೆದ ನೂಲಿನ ಎಳೆಗಳ ನಡುವೆ ರೋಗಾಣು ಅಡಗುತ್ತದೆ. ಒಂದೆಳೆಯದ್ದು ಹಾಕೋಣವೆಂದರೆ ಅದು ಜಾರುತ್ತದೆ, ಆರೇಳು ಗಂಟು ಬೇಕು, ತುದಿ ಚುಚ್ಚುತ್ತದೆ. ಎಲ್ಲ ಗುಣವೂ ಒಂದರಲ್ಲೇ ಇರುವ ನೂಲನ್ನು ನಾನು ಕೈಯಲ್ಲಿ ಹಿಡಿದದ್ದಿಲ್ಲ.

ಹಾಳೆಟೊಪ್ಪಿ, ಅಡೂರು · ಮಂಗಳವಾರ ರಾತ್ರಿ 8.22

ಆ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಜಗಳವೇ ಇರಲಿಲ್ಲ.

ತೋಡಿನಕರೆ, ಬದಿಯಡ್ಕ · ಶುಕ್ರವಾರ ಸಂಜೆ 4.15

ಹೋಗಿ ಬಂದೆ. ಕಾಸರಗೋಡಿನಲ್ಲೇ ಒಬ್ಬ ಸರ್ಜನ್. ಫೋಟೋ ನೋಡಿ "ಇದನ್ನು ತಂದದ್ದು ಒಳ್ಳೆಯದಾಯಿತು" ಎಂದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ತೂತನ್ನು ಒಂದಿಷ್ಟು ಅಗಲ ಮಾಡಿ, ಚಿಮುಟದಲ್ಲಿ ಹಿಡಿದು ಸ್ವಲ್ಪ ಎತ್ತಿ ಕತ್ತರಿಯ ತುದಿ ಒಳಗಿಟ್ಟರು. ಟಿಕ್ ಎಂದು ಸದ್ದು ಕೇಳಿಸಿತು. ಬಟ್ಟೆಯ ಮೇಲೆ ಇಟ್ಟು ತೋರಿಸಿದರು: ಮೀನಿನ ಗಾಳದಂತೆ ಬಾಗಿದ ಸಣ್ಣ ನೂಲು, ಮಧ್ಯೆ ಸಾಸಿವೆಯಷ್ಟು ಗಂಟು. ಇಷ್ಟು ದಿನ ನಾನು ನಿದ್ದೆಗೆಟ್ಟದ್ದು ಇದಕ್ಕೇ? ಕೆಳಗಿನ ಹಳೆಯ ಗುಳ್ಳೆಯಲ್ಲೂ ಒಂದು ಗಂಟು ಸಿಕ್ಕಿತು. ಉಪ್ಪಳದವರು ಹೇಳಿದ್ದನ್ನು ಹೇಳಿ, ತುಂಡನ್ನು ಪರೀಕ್ಷೆಗೆ ಕಳುಹಿಸುತ್ತೀರಾ ಎಂದು ಕೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿ "ಕಳುಹಿಸೋಣ" ಎಂದರು. ಆಂಟಿಬಯಾಟಿಕ್ ಬರೆಯಲಿಲ್ಲ. ದಿನಕ್ಕೊಮ್ಮೆ ತೊಳೆದು ಒಣ ಗಾಸ್ ಇಡಬೇಕು, ಲಾಡಿ ಗಾಯದ ಮೇಲೆ ಬೀಳಬಾರದು. ಅದಕ್ಕೇ ಈಗ ಹಗಲೂ ರಾತ್ರಿಯೂ ನೈಟಿ.

ತೋಡಿನಕರೆ, ಬದಿಯಡ್ಕ · ಐದು ವಾರಗಳ ನಂತರ

ಕೇಳುತ್ತಿದ್ದವರಿಗೆ: ವರದಿ ಬಂತು, ನೂಲಿನ ಸುತ್ತ ಕಟ್ಟಿದ ಗಂಟು ಮಾತ್ರ, ಬೇರೆ ರೋಗಾಣು ಇಲ್ಲ. ನಡುವೆ ಇನ್ನೊಂದು ಗುಳ್ಳೆ ಎದ್ದಿತು, ಅದರಲ್ಲಿ ಅರ್ಧ ಅಕ್ಕಿಯಷ್ಟು ಮೆತ್ತಗಿನ ಚೂರು, ಡ್ರೆಸ್ಸಿಂಗ್ ಬಟ್ಟೆಗೆ ಅಂಟಿಕೊಂಡೇ ಬಂತು. ಮೂರು ವಾರದಿಂದ ಗಾಯ ಒಣಗಿದೆ. ಆಪರೇಷನ್ ಟಿಪ್ಪಣಿಯ ಪುಟವನ್ನು ಪ್ರಿಂಟ್ ತೆಗೆಸಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ. ಅತ್ತೆ ನಿನ್ನೆ ಹಲಸಿನ ಹಪ್ಪಳ ಕರಿದು, ನನ್ನ ತಟ್ಟೆಗೆ ಹಾಕುವ ಮೊದಲು ಒಂದು ಗಳಿಗೆ ಯೋಚಿಸಿ, ಹಾಕಿದರು.

ಮುರಕಲ್ಲು, ಸೀತಾಂಗೋಳಿ · ಅದೇ ದಿನ

ಒಳ್ಳೆಯದಾಯಿತು ಅಕ್ಕ. ನನ್ನ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿದೆ.

ಹಾಳೆಟೊಪ್ಪಿ, ಅಡೂರು · ಅದೇ ದಿನ ರಾತ್ರಿ

ನನ್ನದು ಬಲೆಯವರೆಗೆ ಹೋಗಿದೆಯಂತೆ. 14ಕ್ಕೆ ದಾಖಲಾಗಲು ಹೇಳಿದ್ದಾರೆ. ಈ ಸಲ ಯಾವ ನೂಲು ಹಾಕುತ್ತೀರಿ ಎಂದು ಮೊದಲೇ ಕೇಳಿ ಬರೆಸಿಕೊಂಡಿದ್ದೇನೆ. ಸಿಸ್ಟರ್, ಕಾಗದದ ಫೋಟೋ ನಾಳೆ ಹಾಕುತ್ತೇನೆ, ಒಮ್ಮೆ ನೋಡಿ.